ದಡದ ಕೆಲಸ ಬಿಡಬೇಡ

ಪುಟ್ಟೀ, ಹವಳದ ದಿಬ್ಬಗಳ ಬಗ್ಗೆ ಓದೋಕೆ ಫ್ಲಾರಿಡಾಕ್ಕೆ ಹೊರಟಿದ್ದೀಯ, ಡೈವಿಂಗ್ ಕೂಡ ಕಲಿತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬ ಸಂತೋಷವಾಯಿತಮ್ಮ. ಒಂದೇ ಮಾತು ಹೇಳುತ್ತೇನೆ: ಕಡಲನ್ನು ನೋಡುವಷ್ಟೇ ಶ್ರದ್ಧೆಯಿಂದ ದಡವನ್ನೂ ನೋಡು.

ಅಲ್ಲಿ ಎಲ್ಲರ ಬಾಯಲ್ಲೂ ಇರುವುದು ಎಲ್ಕ್‌ಹಾರ್ನ್ ಹವಳ. ಜಿಂಕೆಯ ಕೊಂಬಿನಂತೆ ಅಗಲಕ್ಕೆ ಕವಲೊಡೆದು, ಅಲೆ ಅಪ್ಪಳಿಸುವ ಕಡೆಯೇ ಬೆಳೆಯುವ ಜೀವಿ. ಎಷ್ಟೋ ಹವಳಗಳು ವರ್ಷಕ್ಕೊಂದು ಸೆಂಟಿಮೀಟರ್ ಬೆಳೆಯುವುದೇ ಕಷ್ಟ. ಇದರ ಕೊಂಬೆ 5ರಿಂದ 10 ಸೆಂಟಿಮೀಟರ್ ಚಾಚುತ್ತದೆ. ಬಿರುಗಾಳಿಗೆ ಮುರಿದು ಬಿದ್ದ ತುಂಡೂ ಗಟ್ಟಿ ನೆಲ ಸಿಕ್ಕರೆ ಅಲ್ಲೇ ಅಂಟಿಕೊಂಡು ಚಿಗುರುತ್ತದೆ. ಕೆರಿಬಿಯನ್ ದ್ವೀಪಗಳ ಸುತ್ತ ಅಲೆಗಳನ್ನು ತಡೆದು ನಿಂತ ದಿಬ್ಬಗಳನ್ನು ಕಟ್ಟಿದ್ದರಲ್ಲಿ ಇದರದೇ ದೊಡ್ಡ ಪಾಲು.

ಅಂಥ ಗಟ್ಟಿ ಜೀವವನ್ನು 1970ರ ದಶಕದ ಕೊನೆಯಿಂದ ಬಿಳಿಪಟ್ಟಿ ರೋಗ ತಿಂದುಹಾಕಿತು. ಉಳಿದದ್ದಕ್ಕೆ 1996ರಲ್ಲಿ ಫ್ಲಾರಿಡಾ ಕೀಸ್ ದ್ವೀಪಗಳಲ್ಲಿ ಒಂದಾದ ಕೀ ವೆಸ್ಟ್ ಬಳಿ ಇನ್ನೊಂದು ರೋಗ ಕಾಣಿಸಿತು. ಕಂದು ಮೈಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ; ಮಚ್ಚೆಯಿದ್ದಲ್ಲಿ ಮಾಂಸ ಕಳಚಿ ಸುಣ್ಣದ ಎಲುಬು ಮಾತ್ರ. ಅದಕ್ಕೆ ಕಾರಣವಾದ ಸೆರಾಶಿಯಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿ ಮನುಷ್ಯರ ಶೌಚದ ನೀರಿನಿಂದ ಬಂದದ್ದು ಎಂದು 2011ರಲ್ಲಿ ಪ್ರಯೋಗ ಮಾಡಿಯೇ ತೋರಿಸಿದರು. ಆ ದ್ವೀಪಗಳ ನೆಲ ತೂತುತೂತಾದ ಸುಣ್ಣಕಲ್ಲು. ಮನೆಗಳ ಹಿಂದಿನ ಶೌಚದ ಗುಂಡಿಯಲ್ಲಿ ಬಿದ್ದದ್ದು ನೆಲದಡಿಯಲ್ಲೇ ಜಿನುಗಿ ಕಡಲು ಸೇರುತ್ತಿತ್ತು. ಹವಳಕ್ಕೆ ರೋಗ ಕೊಟ್ಟದ್ದು ನಾವು, ಮಗಳೇ. ಇದನ್ನು ಓದಿದಾಗ ನನಗಾದ ನೋವು ಇನ್ನೂ ಇಳಿದಿಲ್ಲ.

ಇದನ್ನು ತಡೆಯಲು ಅಲ್ಲಿನವರು ಕೋಟಿಗಟ್ಟಲೆ ಡಾಲರ್ ಸುರಿದು ಒಳಚರಂಡಿ ಹಾಕಿಸಿದರು. ಅದು ದಿಬ್ಬ ಮತ್ತೆ ಬೆಳೆಯಲೆಂದು ಕಡಲೊಳಗೆ ನೆಟ್ಟ ಯಾವ ತುಂಡಿಗೂ ಕಡಿಮೆಯಿಲ್ಲದ ಹವಳದ ಸೇವೆ ಅಂತ ನನ್ನ ನಂಬಿಕೆ. ಆದರೂ 2023ರ ಬೇಸಿಗೆಯಲ್ಲಿ ಕಡಲೇ ಕಾದುಬಿಟ್ಟಿತು. ನರ್ಸರಿಯಲ್ಲಿ ಬೆಳೆಸಿ, ನೀರಿಗಿಳಿದು ಒಂದೊಂದಾಗಿ ಅಂಟಿಸಿದ್ದ ತುಂಡುಗಳೂ ಬೆಳ್ಳಗಾಗಿ ಸತ್ತವು. ಎಲ್ಕ್‌ಹಾರ್ನ್ ಮತ್ತು ಅದರ ಸೋದರಿ ಸ್ಟಾಗ್‌ಹಾರ್ನ್, ಎರಡೂ ಫ್ಲಾರಿಡಾ ಕೀಸ್‌ನಲ್ಲಿ ಶೇ 97.8ರಿಂದ 100ರಷ್ಟು ನಾಶವಾದವೆಂದು 2025ರಲ್ಲಿ ವಿಜ್ಞಾನಿಗಳು ಬರೆದರು. ರೋಗದ ಹಾಗೆ ಆ ಕಾವಿನ ಬೇರೂ ದಡದ ಮೇಲೆಯೇ ಇದೆ: ನಾವು ಸುಡುವ ಕಲ್ಲಿದ್ದಲು, ಎಣ್ಣೆ.

ಹಾಗಂತ ನೆಡುವ ಕೆಲಸ ವ್ಯರ್ಥ ಅಂದುಕೊಳ್ಳಬೇಡ. ಹೊಂಡುರಾಸ್‌ನ ಬಿಸಿನೀರಿಗೆ ಒಗ್ಗಿದ ಎಲ್ಕ್‌ಹಾರ್ನ್ ಜೊತೆ ಫ್ಲಾರಿಡಾದ್ದನ್ನು ಕೂಡಿಸಿ ಹುಟ್ಟಿಸಿದ ಮರಿಗಳನ್ನು 2025ರಲ್ಲಿ ಮಿಯಾಮಿ ಬಳಿ ನೆಟ್ಟಿದ್ದಾರೆ. ನೀನೂ ಇಳಿ, ನೆಡು. ಆಗಸ್ಟ್ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಅದು ಮೊಟ್ಟೆ ಬಿಡುವಾಗ ಎಚ್ಚರವಿದ್ದು ನೋಡು.

ಆದರೆ ನೀನಿರುವ ಊರಿನ ಕೊಳಚೆನೀರು ಎಲ್ಲಿ ಹೋಗುತ್ತದೆ ಅಂತ ಮೊದಲ ತಿಂಗಳೇ ಕೇಳಿ ತಿಳಿದುಕೋ. ಊರಸಭೆಯಲ್ಲಿ ಚರಂಡಿಗೆ, ವಿದ್ಯುತ್ತಿಗೆ ದುಡ್ಡು ಹಂಚುವ ದಿನ ಹೋಗಿ ಕೂತುಕೋ. ಐಚ್ಛಿಕ ವಿಷಯ ಆರಿಸುವಾಗ ತ್ಯಾಜ್ಯನೀರಿನ ಎಂಜಿನಿಯರಿಂಗ್ ಸಿಕ್ಕರೆ, ಗೆಳತಿಯರು ಮೂಗು ಮುರಿದರೂ ಅದನ್ನೇ ತಗೋ.