ಅಸ್ತಿಭಾರದ ಅಳತೆ

ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ನಿವೇಶನವನ್ನು ಕೊಂಡವರು ಕೇಳುವ ಪ್ರಶ್ನೆಯೊಂದುಂಟು: ನಮ್ಮದೇ ನೆಲದಲ್ಲಿ ಸುತ್ತಲೂ ಜಾಗವನ್ನು ಏಕೆ ಬಿಡಬೇಕು? ಉತ್ತರವು ಊರಿನ ಚರಿತ್ರೆಯಲ್ಲಿಯೇ ಇದೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಗೋಡೆಗೆ ಗೋಡೆ ತಾಗಿದ್ದ ಪೇಟೆಯ ಕತ್ತಲೆಮನೆಗಳು ಇಲಿಗಳಿಗೂ ಅವುಗಳ ಚಿಗಟಗಳಿಗೂ ತವರಾಗಿದ್ದುವು. ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳನ್ನೂ ಮನೆಗಳ ಹಿಂದೆ ಓಣಿಗಳನ್ನೂ ಕಾಣುತ್ತೇವೆ.

ಎರಡು ಮನೆಗಳ ನಡುವೆ ಆರು ಅಡಿ ತೆರವಿದ್ದು ಗೋಡೆಗಳು ಹತ್ತು ಅಡಿ ಎತ್ತರವಿದ್ದರೆ ಕಿಟಕಿಗೆ ಸಾಕಷ್ಟು ಬೆಳಕು ಬರುತ್ತದೆ. ಅವೇ ಗೋಡೆಗಳು ನಲವತ್ತು ಅಡಿಗೆ ಏರಿದರೆ ಕೆಳಗಿನವರಿಗೆ ಉಳಿಯುವುದು ಆಕಾಶದ ಒಂದು ಸೀಳು ಮಾತ್ರ. ಎತ್ತರ ಹೆಚ್ಚಿದಂತೆ ತೆರವೂ ಹೆಚ್ಚಬೇಕೆಂದು ನಿಯಮ ಹೇಳುವುದು ಈ ಕಾರಣದಿಂದ.

ಇನ್ನು ಭಾರದ ವಿಚಾರ. ಸಾವಿರ ಚದರಡಿಯ, ಐದು ಅಂಗುಲ ದಪ್ಪದ ಕಾಂಕ್ರೀಟು ತಾರಸಿಯು ಸುಮಾರು 29 ಟನ್ ತೂಗುತ್ತದೆ. ಗೋಡೆ, ನೀರಿನ ತೊಟ್ಟಿ, ಜನ, ಸಾಮಾನು ಇವೆಲ್ಲ ಬೇರೆ. ಎರಡು ಅಂತಸ್ತಿಗೆಂದು ಲೆಕ್ಕಹಾಕಿದ ಕಂಬದ ಮೇಲೆ ಬಾಡಿಗೆಯ ಆಸೆಯಿಂದ ಇನ್ನೆರಡನ್ನು ಏರಿಸಿದರೆ, ಅದರ ಸಂಕಟ ಹೊರಗೆ ಕಾಣುವುದಿಲ್ಲ. ಕಂಬಕ್ಕೆ ಬಾಯಿಲ್ಲವಷ್ಟೆ! 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು.

ನಿಯಮಗಳಿಗೆ ಕೊರತೆಯಿಲ್ಲ, ಅವನ್ನು ಜಾರಿಗೊಳಿಸುವ ಹೊತ್ತು ತಪ್ಪುತ್ತಿದೆ ಎಂದು ನಾವು ಭಾವಿಸುತ್ತೇವೆ. ಅಸ್ತಿಭಾರ ಮೇಲೆದ್ದ ದಿನ, ಬಿಟ್ಟ ಜಾಗವೆಷ್ಟೆಂಬುದನ್ನು ಒಬ್ಬ ನೌಕರನು ಟೇಪು ಹಿಡಿದು ಅರ್ಧ ಗಂಟೆಯಲ್ಲಿ ಅಳೆಯಬಲ್ಲ. ತಪ್ಪಿದ್ದರೆ ಮಾಲಿಕನಿಗೆ ನಷ್ಟವಾಗುವುದು ಕೆಲವು ಸಾಲು ಕಲ್ಲುಗಳು. ಗೃಹಪ್ರವೇಶವಾದ ಮೇಲೆ ಅದೇ ತಪ್ಪನ್ನು ತಿದ್ದಲು ಒಂದು ಸಂಸಾರವನ್ನೇ ಬೀದಿಗೆ ತರಬೇಕಾಗುತ್ತದೆ. ಯಾವ ಅಧಿಕಾರಿಗೆ ಅದಕ್ಕೆ ಕೈಬಂದೀತು? ಹೀಗಾಗಿ ದಂಡ ತೆಗೆದುಕೊಂಡು ಒಪ್ಪಿಕೊಳ್ಳುವ ಯೋಚನೆ ಹುಟ್ಟುತ್ತದೆ. ಕರ್ನಾಟಕದ 'ಅಕ್ರಮ-ಸಕ್ರಮ' ಇಂಥದೇ. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯಿತು. ಆ ಯೋಜನೆಯ ಮಾತು ಕೇಳಿಬಂದಾಗಲೆಲ್ಲ, ನಿಯಮದಂತೆ ಕಟ್ಟಿದವನು ತಾನೇ ಮೂರ್ಖನಾದೆನೆಂದುಕೊಂಡರೆ ಅದು ಸಹಜವೇ.

2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯವು, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕ ಕೊಡಬಾರದೆಂದು ಆದೇಶಿಸಿತು. ಬಲವಾದ ಕ್ರಮವೇನೋ ಹೌದು. ಆದರೆ 2025ರಲ್ಲಿ ಕರ್ನಾಟಕದಲ್ಲಿ ಇದು ಜಾರಿಗೆ ಬಂದಾಗ, ಪತ್ರವಿಲ್ಲದೆ ಅಷ್ಟರಲ್ಲಾಗಲೇ ಕಟ್ಟಿ ಮುಗಿದಿದ್ದ ಮನೆಗಳವರು ದೀಪಕ್ಕಾಗಿ ಕಾದು ನಿಲ್ಲಬೇಕಾಯಿತು. ಅವರ ಅಸ್ತಿಭಾರ ಏಳುತ್ತಿದ್ದಾಗ ಟೇಪು ಹಿಡಿದು ಬಂದವರು ಎಷ್ಟು ಮಂದಿ?