ಹತ್ತಕ್ಕೆ ಹತ್ತರ ಕೋಣೆ, ಇಬ್ಬರು ಮಕ್ಕಳು

ನೋಡಮ್ಮ, ಇಂಟೀರಿಯರ್‌ನವರು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಚಿತ್ರ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಸ್ಕೂಲ್ ಬ್ಯಾಗ್ ಇಲ್ಲ, ಒದ್ದೆ ಟವೆಲ್ ಇಲ್ಲ, ಮಕ್ಕಳೂ ಇಲ್ಲ. ಅಡ್ವಾನ್ಸ್ ಕೊಡುವ ಮೊದಲು ನಿನ್ನ ದೊಡ್ಡಪ್ಪನ ಮಾತನ್ನೂ ಒಂದಿಷ್ಟು ಕೇಳು.

ಅವರು ಹೇಳುತ್ತಿರುವುದು ಬಂಕ್ ಬೆಡ್. ಜಾಗ ಉಳಿಯುತ್ತದೆ, ನಿಜ. ಒಂಟಿ ಮಂಚ ಆರೂಕಾಲಕ್ಕೆ ಮೂರಡಿ, ಅಂದರೆ ಸುಮಾರು 19 ಚದರಡಿ ಮಿಗುತ್ತದೆ. ಆದರೆ ಸೂರಿನ ಕಡೆ ಒಮ್ಮೆ ಕತ್ತೆತ್ತಿ ನೋಡು. 1200 ಮಿಲಿಮೀಟರಿನ ಫ್ಯಾನ್ ಎಂದರೆ ನಾಲ್ಕಡಿ ಸುತ್ತು. ಹತ್ತಡಿ ಕೋಣೆಯ ನಡುವೆ ತೂಗುಹಾಕಿದರೆ ರೆಕ್ಕೆಯ ತುದಿಯಿಂದ ಗೋಡೆಗೆ ಉಳಿಯುವುದು ಮೂರೇ ಅಡಿ. ಮಂಚದ ಅಗಲವೂ ಅಷ್ಟೇ! ರೆಕ್ಕೆ ತಿರುಗುವುದು ನೆಲದಿಂದ ಎಂಟಡಿಯ ಆಸುಪಾಸಿನಲ್ಲಿ, ಮೇಲಿನ ಹಾಸಿಗೆ ಐದಡಿಯಲ್ಲಿ. ನಾಲ್ಕಡಿಯ ಮಗು ಅದರ ಮೇಲೆ ನಿಂತು ಕೈ ಚಾಚಿದರೆ ಏನಾದೀತು, ನೀನೇ ಯೋಚಿಸು. ಬಂಕ್ ಬೆಡ್ಡೇ ಬೇಕೆಂದರೆ ಆ ಫ್ಯಾನ್ ಬಿಚ್ಚಿಸಿ, ಕೈಗೆ ಎಟುಕದ ಕಡೆ ಗೋಡೆ ಫ್ಯಾನ್ ಹಾಕಿಸು. ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಬೇಡ. ತಡೆಕಂಬಿ ಹಾಸಿಗೆಯ ಮೇಲ್ಮೈಗಿಂತ ಐದು ಇಂಚಾದರೂ ಮೇಲಿರಲಿ. ದಪ್ಪ ಹಾಸಿಗೆ ತಂದು ಹಾಸಿದರೆ ಅದೇ ಕಂಬಿ ಗಿಡ್ಡವಾಗುತ್ತದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ.

ನನ್ನ ಮಟ್ಟಿಗೆ ಬಂಕ್ ಬೆಡ್ ಬೇಡವೇ ಬೇಡ. ಮಧ್ಯರಾತ್ರಿ ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಲು ಏಣಿ ಹತ್ತುವವಳು ನೀನು. ವಾರವಾರ ಬೆಡ್‌ಶೀಟ್ ಬದಲಿಸುವವಳೂ ನೀನೇ. ಎರಡು ಒಂಟಿ ಮಂಚಗಳನ್ನು ಎರಡು ಗೋಡೆಗೆ ಒತ್ತಿ, ಮೂಲೆಯಲ್ಲಿ ಒಂದರ ತಲೆ ಇನ್ನೊಂದರ ಕಾಲಿಗೆ ಬರುವಂತೆ ಹಾಕು. ನಡುವಿನ ನೆಲ ಖಾಲಿ ಇರಲಿ. ಮಂಚದ ಕೆಳಗೆ ಚಕ್ರದ ಡ್ರಾಯರ್ ಇಟ್ಟರೆ ಆಟದ ಸಾಮಾನೆಲ್ಲ ಅಲ್ಲಿಗೆ ಹೋಗುತ್ತದೆ. ಒಂದು ಮಂಚದ ಕೆಳಗಿಂದ ಇನ್ನೊಂದನ್ನು ಎಳೆದುಕೊಳ್ಳುವ ನಮೂನೆಯೂ ಉಂಟು. ಅದು ರಜೆಗೆ ಬರುವ ನೆಂಟರ ಮಕ್ಕಳಿಗೆ ಸರಿ. ದಿನಾ ಅದರಲ್ಲೇ ಮಲಗುವವನಿಗೆ ತನ್ನ ಮನೆಯಲ್ಲೇ ತಾನು ನೆಂಟನಾದಂತೆ ಅನಿಸುತ್ತದೆ.

ಈಗ ನಾನು ಹೇಳಲೇಬೇಕಾದ ಮಾತು. ಹುಡುಗಿಗೆ ಹನ್ನೊಂದು, ಹುಡುಗನಿಗೆ ಆರು. ‘ನೀನು ದೊಡ್ಡವಳು, ಬಿಟ್ಟುಕೊಡು’ ಅಂತ ಅವಳು ಈಗಾಗಲೇ ಸಾಕಷ್ಟು ಕೇಳಿಸಿಕೊಂಡಿದ್ದಾಳೆ. ಕೋಣೆಯ ನಕ್ಷೆಯೂ ಅದನ್ನೇ ಹೇಳುವುದು ಬೇಡ. ಕಿಟಕಿ ಒಬ್ಬರಿಗೆ, ಬಾಗಿಲ ಹಿಂದಿನ ಮೂಲೆ ಇನ್ನೊಬ್ಬರಿಗೆ ಅಂತಾದರೆ ಜಗಳ ನಿಲ್ಲುವುದಿಲ್ಲ. ಕಿಟಕಿಯ ಕೆಳಗೆ ಉದ್ದನೆಯ ಒಂದೇ ಮೇಜು ಹಾಕಿಸು, ಇಬ್ಬರೂ ಕೂರಲಿ. ಆದರೆ ಡ್ರಾಯರ್ ಮಾತ್ರ ಬೇರೆ ಬೇರೆ, ಎರಡಕ್ಕೂ ಬೀಗ. ಅವಳದರಲ್ಲಿ ಡೈರಿ ಇರಬಹುದು, ಅವನದರಲ್ಲಿ ಬಾಟಲಿ ಮುಚ್ಚಳ. ನೀನು ತೆಗೆದು ನೋಡಬೇಡ. ಮಕ್ಕಳು ಕಿತ್ತಾಡುವುದು ಚದರಡಿಗಲ್ಲ, ‘ಇದು ನನ್ನದು’ ಅನ್ನಲು ಏನೂ ಇಲ್ಲದಾಗ.

ಇನ್ನೆರಡು ವರ್ಷಕ್ಕೆ ಅವಳಿಗೆ ಮರೆ ಬೇಕಾಗುತ್ತದೆ. ಪರದೆಯ ಟ್ರ್ಯಾಕನ್ನು ಈಗಲೇ ಸೂರಿಗೆ ಹಾಕಿಸಿಬಿಡು, ಪೇಂಟ್ ಆದ ಮೇಲೆ ಡ್ರಿಲ್ ಹಿಡಿಯುವುದು ರಗಳೆ. ಪ್ರತಿ ಮಂಚದ ತಲೆಯ ಕಡೆ ಒಂದು ಪ್ಲಗ್ ಪಾಯಿಂಟ್, ಗೋಡೆಗೆ ತಿರುಗುವ ಚಿಕ್ಕ ದೀಪ. ಅವಳು ಎಸ್ಸೆಸ್ಸೆಲ್ಸಿಗೆ ಓದುವಾಗ ಅವನು ಹತ್ತು ವರ್ಷದವನು, ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ನಿದ್ದೆ ಬರುವುದಿಲ್ಲ.

ಮಂಚವನ್ನು ಗೋಡೆಗೆ ಸೇರಿಸಿ ಫಿಕ್ಸ್ ಮಾಡಿಸಬೇಡ. ಮುಂದೆ ಒಂದನ್ನು ಹಾಲಿಗೆ ಸಾಗಿಸಬೇಕಾದೀತು. ಕಪಾಟು ಮಾತ್ರ ಗೋಡೆಗೆ ಭದ್ರವಾಗಿರಲಿ. ಡ್ರಾಯರನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುವ ಮಕ್ಕಳ ಮೇಲೆ ಅದು ಬೀಳಬಾರದು. ಕಾರ್ಟೂನಿನ ಗೋಡೆ ಅಂತೀಯಾ? ಪೇಪರ್ ಅಂಟಿಸು, ಸಾಕು. ಅವನ ಇಷ್ಟ ವರ್ಷಕ್ಕೊಂದು.

ಆಚಾರಿ ಬರುವ ಮುಂಚೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಲ್ಲವನ್ನೂ ಅಳತೆಗೆ ಸರಿಯಾಗಿ ಬರೆದುಬಿಡು. ಕಪಾಟಿಗೆ ಎರಡಡಿ ಆಳ, ಅದರ ಬಾಗಿಲು ತೆರೆಯುವಷ್ಟು ಜಾಗ ಬೇರೆ. ಕೋಣೆಯ ಬಾಗಿಲು ತಿರುಗುವ ಗೆರೆಯನ್ನೂ ಮರೆಯಬೇಡ. ಎರಡು ದಿನ ಮಕ್ಕಳು ಆ ಗೆರೆಗಳ ನಡುವೆಯೇ ಓಡಾಡಲಿ. ಯಾವ ಮೂಲೆ ಯಾರಿಗೆ ಅನ್ನುವುದನ್ನು ಅವರೇ ಜಗಳವಾಡಿ ತೀರ್ಮಾನಿಸಿಕೊಳ್ಳುತ್ತಾರೆ, ನೀನು ಮಧ್ಯೆ ಹೋಗಬೇಡ.