ಕಾಲು ಗಂಟೆಗೊಮ್ಮೆ ಸೋಲುತ್ತಿದ್ದ ಇಂಜಿನ್

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಯಿತು. ನಮ್ಮೂರು ಬಳಗಾನೂರಿನಲ್ಲಿ ನನ್ನ ನಾಟಿ ಆಗ ಅರ್ಧಕ್ಕೆ ನಿಂತಿತ್ತು. ಆ ಅಣೆಕಟ್ಟೆಯ ನೀರು ತರುವ ಉಪಕಾಲುವೆಯ ತುದಿಯ ಹೊಲ ನನ್ನದು, ಒಳ್ಳೆಯ ವರ್ಷದಲ್ಲೂ ನೀರು ಬರುವುದು ಕೊನೆಗೆ. ಈ ಸಲ ಕಾಲುವೆ ನೀರು ಸಾಲದೆಂಬ ಭಯಕ್ಕೆ ಮರುದಿನವೇ ಕೊಟ್ಟಿಗೆಯಲ್ಲಿದ್ದ ಡೀಸೆಲ್ ಇಂಜಿನ್ನನ್ನು ಬಂಡಿಗೆ ಹೇರಿ ಹಳ್ಳದ ದಂಡೆಗೆ ಇಳಿಸಿದೆ. ಅಪ್ಪ ಕೊಂಡ ಐದು ಎಚ್‌.ಪಿ. ಇಂಜಿನ್, 1500 ಆರ್‌ಪಿಎಂನದು. ಮೇಲಿನ ಮಡಿಗಳಿಂದ ಬಸಿದು ಬಂದ ನೀರು ಹಳ್ಳದಲ್ಲಿ ಇತ್ತು, ಅದನ್ನು ಎತ್ತಿದರೆ ಸಸಿ ಉಳಿಯುತ್ತಿತ್ತು.

ಹ್ಯಾಂಡಲ್ ಹೊಡೆದ ಕೂಡಲೇ ಇಂಜಿನ್ ಹತ್ತಿತು. ಪೈಪಿನ ತುಂಬ ನೀರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಸದ್ದು ಕುಗ್ಗಿತು, ನೀರಿನ ಧಾರೆ ತೆಳ್ಳಗಾಯಿತು, ಇಂಜಿನ್ ಗುದ್ದುತ್ತಾ ಗುದ್ದುತ್ತಾ ನಿಂತಿತು. ಏರ್ ಹಿಡಿದಿದೆ ಎಂದುಕೊಂಡೆ. ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ನೋಡಿದೆ, ಡೀಸೆಲ್ ಪಂಪಿನ ಬೋಲ್ಟ್ ಸಡಿಲಿಸಿ ಏರ್ ಬಿಟ್ಟೆ. ಮತ್ತೆ ಚೆನ್ನಾಗಿ ಓಡಿತು. ಮತ್ತೆ ಸೋತಿತು. ಎರಡು ದಿನ ಇದೇ ಆಟ.

ಫಿಲ್ಟರ್ ಬದಲಿಸಿದೆ, ನಾಝಲ್ ಬದಲಿಸಿದೆ. ಕೊನೆಗೆ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಅರ್ಧ ಗಂಟೆ ಓಡಿಸಿ ನೋಡಿದರು, ಒಮ್ಮೆಯೂ ಸೋಲಲಿಲ್ಲ. ಆದರೂ ಹೆಡ್ ಬಿಚ್ಚಿ ವಾಲ್ವ್ ಉಜ್ಜಿ ಕೊಟ್ಟರು. ನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಹಳ್ಳಕ್ಕೆ ತಂದರೆ ಹಿಂದಿನ ಕಥೆಯೇ. ಆ ಹೊತ್ತಿಗೆ ನನ್ನ ಹೊಲದ ಮೇಲಿನ ಎರಡು ಮಡಿ ಬಿರುಕು ಬಿಟ್ಟಿದ್ದವು. ಅವನ್ನು ನೋಡಿ ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ಓಣಿಯ ಒಬ್ಬ ಹುಡುಗ. ಮಲ್ಪೆಯಲ್ಲಿ ಮೀನಿನ ದೋಣಿಗಳಲ್ಲಿ ದುಡಿಯುವವನು, ಊರಿಗೆ ಬಂದಿದ್ದ. ನಮ್ಮ ಕಡೆಯ ಎಷ್ಟೋ ಹುಡುಗರು ಆ ಕಡಲಿಗೆ ದುಡಿಯಲು ಹೋಗುತ್ತಾರೆ. ನಾಡದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಮೋಟರಿನ ಕೈಕೆಲಸ ಅವನಿಗೆ ಗೊತ್ತಿತ್ತು. ಅಲ್ಲಿ ಟ್ಯಾಂಕಿನಿಂದ ಮೋಟರಿಗೆ ಹೋಗುವ ಪೈಪಿನ ನಡುವೆ ಒಂದು ರಬ್ಬರ್ ಗುಂಡು ಇರುತ್ತದಂತೆ. ಓಡುವಾಗ ಶಕ್ತಿ ಕುಗ್ಗಿದರೆ ಮೊದಲು ಅದನ್ನು ಹಿಸುಕುತ್ತಾರೆ. ಮೋಟರ್ ಚೇತರಿಸಿಕೊಂಡರೆ ಎಣ್ಣೆ ತಲುಪುತ್ತಿಲ್ಲ ಎಂದು ಖಾತ್ರಿ. ಆಮೇಲೆ ಟ್ಯಾಂಕಿನ ಮುಚ್ಚಳದ ಗಾಳಿತಿರುಪು ತೆರೆದಿದೆಯೋ ಇಲ್ಲವೋ ನೋಡುತ್ತಾರೆ.

"ಹೊಗಿ ಹೆಂಗ ಬರತೈತಿ ಕಾಕಾ?" ಎಂದು ಕೇಳಿದ. ಕರಿ ಹೊಗೆ ಇಲ್ಲವೆಂದೆ. ಭಾರ ಹೆಚ್ಚಾದರೂ ಗಾಳಿ ಫಿಲ್ಟರ್ ಕಟ್ಟಿದರೂ ಹೊಗೆ ಕರ್ರಗಾಗುತ್ತದೆ. ಡೀಸೆಲ್ ಸಾಲದಿದ್ದರೆ ಹೊಗೆ ಇಲ್ಲದೆಯೇ ಇಂಜಿನ್ ಕುಗ್ಗುತ್ತದೆ. ಇಷ್ಟು ನಾನೂ ಬಲ್ಲೆ, ಆದರೆ ಗಾಬರಿಯಲ್ಲಿ ಹೊಗೆಯ ಕಡೆ ಕಣ್ಣೇ ಹೋಗಿರಲಿಲ್ಲ.

"ಬೀಳೂ ಹೊತ್ತಿನ್ಯಾಗ ಬಂದ್ ಮಾಡಬ್ಯಾಡ್ರಿ. ಏರ್ ಬಿಡಬ್ಯಾಡ್ರಿ. ಬರೇ ಮುಚ್ಚಳ ತೆಗೀರಿ."

ಸದ್ದು ಕುಗ್ಗತೊಡಗಿದಾಗ ಮುಚ್ಚಳ ತಿರುವಿದೆ. ಟ್ಯಾಂಕ್ ಸುಸ್ಸೆಂದು ಗಾಳಿಯನ್ನು ಒಳಗೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಇಂಜಿನ್ ಹಿಂದಿನ ದನಿಗೆ ಮರಳಿತು, ಧಾರೆ ತುಂಬಿಕೊಂಡಿತು.

ಕಾರಣ ನಾನೇ ಹಾಕಿದ್ದು. ಹಿಂದಿನ ಬೇಸಿಗೆಯಲ್ಲಿ, ಮಳೆ ನೀರು ಟ್ಯಾಂಕಿಗೆ ಇಳಿಯಬಾರದೆಂದು ಸೈಕಲ್ ಟ್ಯೂಬಿನ ತುಂಡನ್ನು ಮುಚ್ಚಳದ ಒಳಗೆ ಬಿಗಿಯಾಗಿ ಕೂರಿಸಿದ್ದೆ. ಅದು ಮುಚ್ಚಳದ ಸೂಜಿಮೊನೆಯಷ್ಟು ತೂತನ್ನು ಮುಚ್ಚಿತ್ತು. ಈ ಇಂಜಿನ್ನಿಗೆ ಡೀಸೆಲ್ ಇಳಿಯುವುದು ತನ್ನ ತೂಕದಿಂದಲೇ. ಇಳಿದಷ್ಟು ಜಾಗಕ್ಕೆ ಗಾಳಿ ಬರದಿದ್ದರೆ ಒಳಗಿನ ಎಳೆತ ಅದನ್ನು ಹಿಡಿದು ನಿಲ್ಲಿಸುತ್ತದೆ. ಟ್ಯಾಂಕ್ ತುಂಬಿಸಿದ ದಿನ ಬೇಗ ಸೋಲುತ್ತಿತ್ತು, ಅರ್ಧ ಇದ್ದಾಗ ತಡ. ಒಳಗೆ ಗಾಳಿ ಹೆಚ್ಚಿದ್ದಷ್ಟೂ ಎಳೆತ ಕೂಡಲು ಹೊತ್ತು ಬೇಕು. ಆ ಸುಳಿವು ಎರಡು ದಿನ ಕಣ್ಣೆದುರೇ ಇತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಪ್ರತಿ ಸಲ ಡೀಸೆಲ್ ನೋಡಲು ಮುಚ್ಚಳ ತೆಗೆದಾಗಲೇ ರೋಗ ವಾಸಿಯಾಗುತ್ತಿತ್ತು, ನಾನು ಅದನ್ನು ಏರ್ ಬಿಟ್ಟದ್ದರ ಫಲವೆಂದುಕೊಂಡೆ. ಅಂಗಡಿಯಲ್ಲೂ ಮುಚ್ಚಳ ತೆಗೆದಿಟ್ಟೇ ಓಡಿಸಿದ್ದರು. ಈಗ ಏನೇ ಕೆಟ್ಟರೂ ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತೇನೆ. ಅದಕ್ಕೂ ಮೊದಲು, ಕಳೆದ ಸಲ ಸರಿ ಓಡಿದ ಮೇಲೆ ನನ್ನ ಕೈಯಿಂದ ಏನು ಬದಲಾಯಿತು ಎಂದು ಕೂತು ನೆನೆಯುತ್ತೇನೆ.

ಟ್ಯೂಬು ಕಿತ್ತು, ಸೂಜಿಯಿಂದ ತೂತು ಬಿಡಿಸಿ, ಮಳೆಗೆ ಮೇಲೊಂದು ತಗಡಿನ ಡಬ್ಬಿ ಬೋರಲು ಹಾಕಿದೆ. ಆ ರಾತ್ರಿ ಇಂಜಿನ್ ನಿಲ್ಲಲಿಲ್ಲ. ಬಿರುಕು ಬಿಟ್ಟ ಮಡಿಗಳಿಗೆ ನೀರು ಹರಿಯುವಾಗ ಹುಡುಗನೂ ನಾನೂ ಬದುವಿನ ಮೇಲೆ ಕೂತಿದ್ದೆವು.